ಕ್ಯಾಂಟರಿನ ಸದ್ದು

ನವೆಂಬರಿನ ಮೂರನೇ ವಾರ, ಬೆಳಿಗ್ಗೆ ಆರೂಕಾಲು. ಲೋಕೇಶ ಮನೆ ಮುಂದಿನ ಅಂಗಳದಲ್ಲಿ ಕ್ಯಾಂಟರಿನ ಕೀ ತಿರುಗಿಸಿದ. ಹದಿನಾಲ್ಕು ಅಡಿಯ ಲಾರಿ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಅವನು ಕೆಳಗಿಳಿದು, ಬಾಗಿಲ ಬಳಿ ಟವೆಲ್ ಹೊದ್ದು ನಿಂತಿದ್ದ ಅಪ್ಪನನ್ನು ಕೈಸನ್ನೆ ಮಾಡಿ ಕರೆದ.

"ಕೇಳಿಸ್ತಾ ಅಪ್ಪ? ಟಿಕ್ ಟಿಕ್ ಅಂತಿದೆ. ಬಿಸಿಯಾದ್ಮೇಲೆ ನಿಂತೋಗುತ್ತೆ."

ಕೃಷ್ಣಪ್ಪ ಕ್ಯಾಬಿನ್ನಿನ ಪಕ್ಕ ಬಗ್ಗಿ, ತಲೆಯನ್ನು ಒಂದು ಕಡೆ ವಾಲಿಸಿ ಕಣ್ಣು ಮುಚ್ಚಿದ. ಆ ಭಂಗಿ ತುಮಕೂರು ರಸ್ತೆಯ ಹಳೆಯ ಡ್ರೈವರುಗಳಿಗೆಲ್ಲ ಗೊತ್ತಿದ್ದದ್ದೇ. ಒಂದು ಕಾಲದಲ್ಲಿ ಮಾಕಳಿಯ ಟೀ ಅಂಗಡಿ ಮುಂದೆ ಲಾರಿ ನಿಲ್ಲಿಸಿ, "ಕೃಷ್ಣಪ್ಪಣ್ಣ, ಒಸಿ ಕಿವಿ ಕೊಡಿ" ಎಂದು ಕೇಳುವವರಿದ್ದರು. ಬೇರಿಂಗ್ ಸವೆದದ್ದನ್ನು ಅವನು ಗಾಡಿ ಮುಂದೆ ಹಾದುಹೋಗುವಷ್ಟರಲ್ಲೇ ಹೇಳಿಬಿಡುತ್ತಿದ್ದ.

"ಏನೂ ಇಲ್ಲ. ವಾಲ್ವಿನ ಟ್ಯಾಪೆಟ್ ಸದ್ದು ಅದು. ಚಳಿಗೆ ಅಂಗೇ ಅಂತದೆ."

ಮೆಟ್ಟಿಲ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದ ಮೊಮ್ಮಗಳು ಬಿಂದುಶ್ರೀ, "ನಂಗೆ ಇಲ್ಲಿಗೇ ಕೇಳಿಸ್ತಿದೆ ತಾತ, ಗೋಡೆ ಗಡಿಯಾರದ ಥರ. ಟ್ಯಾಪೆಟ್ ಬಿಸಿಯಾದ್ರೆ ಸುಮ್ನಾಗುತ್ತಾ?" ಎಂದಳು.

"ನೀನು ಓದ್ಕೊ ಓಗು. ಎಸೆಸೆಲ್ಸಿಲಿ ಇಂಜಿನ್ ಕೇಳಲ್ಲ."

ನಿಜ ಹೇಳಬೇಕೆಂದರೆ ಕೃಷ್ಣಪ್ಪನಿಗೆ ಆ ಟಿಕ್ ಟಿಕ್ ಕೇಳಿಸಿರಲೇ ಇಲ್ಲ. ಇಂಜಿನ್ನಿನ ದಪ್ಪ ಗುಡುಗು ಗೋಡೆಯ ಆಚೆಗಿನದ್ದರಂತೆ ಕೇಳುತ್ತಿತ್ತು, ಅಷ್ಟೇ. ಒಂದೂವರೆ ವರ್ಷದಿಂದ ಕುಕ್ಕರಿನ ಶಿಳ್ಳೆ, ಫೋನಿನ ಗಂಟೆ, ಹೆಂಡತಿಯ ಮಾತು ಎಲ್ಲವೂ ಹಾಗೇ ದೂರವಾಗಿದ್ದವು. ಮೂವತ್ತೊಂದು ವರ್ಷ ಲಾರಿ ಓಡಿಸಿದವನು. ಅದರಲ್ಲಿ ಹದಿನೆಂಟು ವರ್ಷ ಇಂಜಿನ್ ಡಬ್ಬ ಕ್ಯಾಬಿನ್ ಒಳಗೇ, ಅವನ ಎಡಮೊಣಕಾಲಿನ ಪಕ್ಕದಲ್ಲೇ ಇರುತ್ತಿತ್ತು. ಎಡಗಿವಿ ಮೊದಲು ಹೋಯಿತು. ಜಾಲಹಳ್ಳಿ ಕ್ರಾಸಿನಲ್ಲಿ ಒಂದು ದಿನ ಹಿಂದೆ ಬಂದ ಆಂಬುಲೆನ್ಸಿನ ಕೂಗು ಕೇಳಿಸದೆ ದಾರಿ ಬಿಡದೆ ನಿಂತಿದ್ದ. ಜನ ಬಾಗಿಲು ಬಡಿದು ಬೈದರು. ಮರುದಿನ ಮಂಡಿನೋವು ಎಂದು ಹೇಳಿ ಕೀಯನ್ನು ಮಗನಿಗೆ ಕೊಟ್ಟ. ಮನೆಯವರು ಮಂಡಿಗೆ ಎಣ್ಣೆ ತಂದರು. ದಿನಾ ಸಂಜೆ ಹಚ್ಚಿಸಿಕೊಂಡ.

ಅಂದಿನಿಂದ ಅವನಿಗೆ ಒಂದು ಮಾತು ರೂಢಿಯಾಗಿತ್ತು. ಯಾರು ಏನೇ ಕೇಳಲಿ, ಕೇಳಿಸದಿದ್ದರೆ, "ನೋಡಾನ" ಎನ್ನುತ್ತಿದ್ದ. ಹತ್ತರಲ್ಲಿ ಎಂಟು ಪ್ರಶ್ನೆಗೆ ಅದು ಹೊಂದಿಕೊಳ್ಳುತ್ತಿತ್ತು.

ಲಾರಿಯ ಮೇಲಿನ ಮಾತು ಮಾತ್ರ ಇನ್ನೂ ಅವನದೇ. ಆರ್‌ಸಿ ಅವನ ಹೆಸರಲ್ಲಿತ್ತು. ಯಾವ ಟೈರು, ಯಾವ ಆಯಿಲ್ಲು, ಯಾವ ಮೆಕ್ಯಾನಿಕ್ಕು ಎಂಬುದನ್ನು ಅವನೇ ಹೇಳಬೇಕು. ಕಿವಿಯ ಸುದ್ದಿ ಹೊರಬಿದ್ದರೆ ಆ ಮಾತಿಗೆ ಇನ್ನಾರು ತಲೆಯಾಡಿಸುತ್ತಾರೆ?

ಲೋಕೇಶ ದಿನಾ ಪೀಣ್ಯದ ರಟ್ಟಿನ ಡಬ್ಬದ ಕಾರ್ಖಾನೆಯಿಂದ ಜಿಗಣಿಯ ಔಷಧಿ ಪ್ಯಾಕಿಂಗ್ ಘಟಕಕ್ಕೆ ಲೋಡು ಒಯ್ಯುತ್ತಿದ್ದ. ಆ ತಿಂಗಳು ಮನೆಗೆ ಬಂದವನೇ ಹಣೆಗೆ ಬಟ್ಟೆ ಕಟ್ಟಿಕೊಂಡು ಮಲಗತೊಡಗಿದ. ಅವರೆಕಾಯಿಯ ಕಾಲ. ಕೃಷ್ಣಪ್ಪನ ಹೆಂಡತಿ ಪಿಳ್ಳಮ್ಮ ಮತ್ತು ಸೊಸೆ ವನಜಾ ಸಂಜೆಯೆಲ್ಲ ಕೂತು ನೆನೆಸಿದ ಕಾಳು ಹಿತುಕುತ್ತಿದ್ದರು. ಹಿತಕಿದ ಬೇಳೆ ಸಾರು ಕುದಿಯುತ್ತಿದ್ದರೂ ಲೋಕೇಶ ಮುದ್ದೆಯನ್ನು ಅರ್ಧಕ್ಕೆ ಬಿಟ್ಟೇಳುತ್ತಿದ್ದ.

"ಇಡೀ ದಿನ ಹೊಗೆ ಕುಡ್ದಂಗಿರ್ತದೆ ಅಮ್ಮ. ವಾಂತಿ ಬರೋ ಹಂಗಾಗುತ್ತೆ."

"ನಿಮ್ಮ ಶರಟು ಒಗೆಯೋಳು ನಾನು," ಎಂದಳು ವನಜಾ. "ಮೂರು ವಾರದಿಂದ ಡೀಸೆಲ್ ಹೊಗೆ ವಾಸನೆ. ಸೀಟಿನ ಕೆಳಗೇ ಇಂಜಿನ್. ಎಲ್ಲೋ ಲೀಕ್ ಇದೆ ಮಾವ."

ಕೃಷ್ಣಪ್ಪ ಅವಳ ತುಟಿ ಅಲ್ಲಾಡಿದ್ದನ್ನು ನೋಡಿ, "ನೋಡಾನ" ಎಂದ.

"ನೋಡೋಣ ನೋಡೋಣ ಅಂತ ತಿಂಗಳಾಯ್ತು," ಎಂದು ಲೋಕೇಶ ಗೊಣಗಿದ. ಅದು ಅಪ್ಪನಿಗೆ ಕೇಳಿಸಲಿಲ್ಲ.

ವನಜಾ ಪೀಣ್ಯ ಎರಡನೇ ಹಂತದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದವಳು. ಕಣ್ಣಿಗೆ ಕಾಣದ ವ್ಯತ್ಯಾಸವನ್ನು ಗೇಜಿನಲ್ಲಿ ಹಿಡಿದು ಮಾಲು ವಾಪಸು ಮಾಡುವುದು ಅವಳ ಕೆಲಸ. ಭಾನುವಾರ ಅವಳೇ ಮೆಕ್ಯಾನಿಕ್ ಶ್ಯಾಮಣ್ಣನಿಗೆ ಫೋನ್ ಮಾಡಿದಳು. ಅವನು ಕ್ಯಾಬಿನ್ ಎತ್ತಿಸಿ, ಒಂದು ಲೋಟದಲ್ಲಿ ಬಟ್ಟೆ ಸೋಪಿನ ನೀರು ಕದಡಿಸಿಕೊಂಡ.

ಕೃಷ್ಣಪ್ಪ ನಕ್ಕ. "ಕಿವಿ ಇಲ್ದೋರು ಸೋಪು ಅಚ್ತಾರೆ ಕಣಯ್ಯ."

"ಎಲ್ರಿಗೂ ನಿಮ್ಮಂಥ ಕಿವಿ ಎಲ್ಲಿಂದ ಬರ್ಬೇಕಣ್ಣ," ಎಂದ ಶ್ಯಾಮಣ್ಣ. ತಣ್ಣಗಿದ್ದ ಇಂಜಿನ್ನನ್ನು ಶುರು ಮಾಡಿಸಿ, ಹಳೆಯ ಬ್ರಷ್ಷಿನಲ್ಲಿ ಸೋಪಿನ ನೀರು ಸವರುತ್ತ ಹೋದ. ಮೂರನೇ ಸಿಲಿಂಡರಿನ ಹತ್ತಿರ ನೊರೆ ಗುಳುಗುಳು ಎಂದು ಉಬ್ಬಿತು. ಪಕ್ಕದಲ್ಲಿ ಬೆರಳಗಲದ ಮಸಿ.

"ಮ್ಯಾನಿಫೋಲ್ಡ್ ಬಿರುಕು ಬಿಟ್ಟಿದೆ. ತಣ್ಣಗಿದ್ದಾಗ ಬಾಯಿ ತೆರ್ಕೊಂಡು ಟಿಕ್ ಟಿಕ್ ಅನ್ನುತ್ತೆ. ಕಾದ್ರೆ ಲೋಹ ಹಿಗ್ಗಿ ಸದ್ದು ಮುಚ್ಚುತ್ತೆ. ಹೊಗೆ ಮಾತ್ರ ನಿಲ್ಲಲ್ಲ. ಅಣ್ಣ, ನೀವ್ ಕೇಳಿರ್ಬೇಕಲ್ಲ?"

ಲೋಕೇಶ ಅಪ್ಪನ ಮುಖವನ್ನೇ ನೋಡಿದ. "ಟ್ಯಾಪೆಟ್ ಅಂದ್ಯಲ್ಲಪ್ಪ. ಒಂದ್ ತಿಂಗಳು ಅದನ್ನೇ ಅಂದೆ."

"ಎಲ್ಲಾ ಗಾಡೀನೂ ಒಂದೇ ಥರ ಯೋಳಲ್ಲ," ಎಂದು ಕೃಷ್ಣಪ್ಪ ಒಳಗೆ ಹೋದ.

ಹೊಸದು ಹಾಕಿಸುವುದೆಂದು ತೀರ್ಮಾನವಾಯಿತು. ಯಾವುದನ್ನು ಎಂಬುದು ಊಟದ ಮಾತಾಯಿತು. ಇಂಜಿನ್ನಿನ ನಾಲ್ಕು ಬಾಯಿಂದ ಬರುವ ಹೊಗೆಯನ್ನು ಒಂದುಗೂಡಿಸುವ ಈ ಭಾಗವನ್ನು ಕಂಪನಿಯವರು ದಪ್ಪ ಎರಕದ ಕಬ್ಬಿಣದಲ್ಲಿ ಮಾಡುತ್ತಾರೆ. ಷೋರೂಮಿನ ಮಾಲಿಗೆ ಹದಿನೆಂಟು ಸಾವಿರ, ಅದೂ ಫೆಬ್ರವರಿ ಕೊನೆಗೆ. ಪೀಣ್ಯದ ಚಿಕ್ಕ ಫೌಂಡ್ರಿಗಳ ಎರಕ ಏಳು ಸಾವಿರಕ್ಕೆ ಸಿಗುತ್ತದೆ. ಮೂರನೆಯದು ಪೈಪುಗಳನ್ನು ಬಗ್ಗಿಸಿ ಬೆಸುಗೆ ಹಾಕಿದ ಹೆಡರ್. ಹುಡುಗರು ಜೀಪಿಗೆ ಹಾಕಿಸುತ್ತಾರೆ.

"ಫೌಂಡ್ರಿದೇ ತರೋಣ. ಮೈ ನೇರ ಇದ್ಯಾ ಅಂತ ನಾನು ಅಳೆದು ಕೊಡ್ತೀನಿ," ಎಂದಳು ವನಜಾ.

"ಹೆಡರ್ ಹಾಕಿದ್ರೆ ಎಳೆತ ಚೆನ್ನಾಗಿರುತ್ತಂತೆ," ಎಂದ ಲೋಕೇಶ. "ಅದನ್ನ ಮಾಡೋ ಹನುಮೇಶನ ಹತ್ರ ಬರೀ ವಿಚಾರಿಸ್ಕೊಂಡು ಬರೋಣ. ಅಪ್ಪ ಅಂತೂ ಒಪ್ಪಲ್ಲ."

"ಅವ್ರು ಪೈಪಿಗೆ ಒಪ್ತಾರಾ? ಪ್ಲಾಸ್ಟಿಕ್ ಕೊಡಾನೇ ಮನೆಗ್ ಬಿಟ್ಕಳ್ದೋರು," ಎಂದು ಪಿಳ್ಳಮ್ಮ ನಕ್ಕಳು.

ಹನುಮೇಶನ ಷೆಡ್ಡು ಪೀಣ್ಯದ ಹತ್ತನೇ ಅಡ್ಡರಸ್ತೆಯಲ್ಲಿತ್ತು. ಸುತ್ತ ಗ್ರೈಂಡರು, ಶೀಟು ಕತ್ತರಿಸುವ ಯಂತ್ರ. ಕೃಷ್ಣಪ್ಪನಿಗೆ ಅಲ್ಲಿ ಎಲ್ಲವೂ ಕಲಸಿದ ಅಂಬಲಿಯಂತೆ ಒಂದೇ ಗದ್ದಲ. ಹನುಮೇಶ ಕ್ಯಾಂಟರಿನ ಕೆಳಗೆ ಇಣುಕಿ ಎದ್ದ.

"ಲೋಕಣ್ಣ, ನಾನೇ ಮಾರೋನು, ನಾನೇ ಬೇಡ ಅಂತೀನಿ. ಇದಕ್ಕೆ ಗಾಳಿ ತುಂಬೋ ಟರ್ಬೋ ಇದೆ. ಎಂಟೊಂಬತ್ತು ಕೆಜಿ ಭಾರ ಮ್ಯಾನಿಫೋಲ್ಡಿಗೇ ನೇತಾಡ್ತಿರುತ್ತೆ. ಎರಕದ ಕಬ್ಬಿಣ ಹೊರುತ್ತೆ. ಪೈಪಿಗೆ ಬ್ರಾಕೆಟ್ ಕೊಟ್ರೂ ಲೋಡ್ ಗಾಡಿ ಅದುರೋದಕ್ಕೆ ವರ್ಷ ಬರೋದು ಕಷ್ಟ. ಆಮೇಲೆ ತೆಳು ಗೋಡೆ, ಸದ್ದು ಜಾಸ್ತಿ. ಮುಂದೆ ತಡೆ ಇಲ್ದಿರೋ ಸೈಲೆನ್ಸರ್ ಹಾಕ್ದಿದ್ರೆ ಏನೂ ಉಪಯೋಗ ಇಲ್ಲ. ಹಾಕಿದ್ರೆ ಪೊಲೀಸ್ ಕಾಟ. ಬೇಕಿದ್ರೆ ಹೆಡರ್ ಹಾಕಿರೋ ಆ ಜೀಪಲ್ಲಿ ಕೇಳಿ ನೋಡಿ."

ಜೀಪು ಶುರುವಾಯಿತು.

ಕೃಷ್ಣಪ್ಪ ತಲೆಯೆತ್ತಿದ. ಆ ಗದ್ದಲದ ಅಂಬಲಿಯ ನಡುವೆ ನಾಲ್ಕು ಏಟು ಬಿಡಿಬಿಡಿಯಾಗಿ ಬಂದು ಎದೆಗೆ ಬಡಿದವು. ಒಂದು, ಮೂರು, ನಾಲ್ಕು, ಎರಡು. ಸಿಲಿಂಡರುಗಳು ಉರಿಯುವ ಕ್ರಮ ಅದು. ಅವನು ಇಪ್ಪತ್ತೆರಡರ ವಯಸ್ಸಿನಲ್ಲಿ ಬಾಯಿಪಾಠ ಮಾಡಿದ್ದು. ಅವನ ಬಲಗೈ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. ಒಂದು ಮೂರು ನಾಲ್ಕು ಎರಡು. ಜೀಪು ನಿಂತ ಮೇಲೂ ಬೆರಳು ನಿಲ್ಲಲಿಲ್ಲ.

"ಇದೇ ಆಕು," ಎಂದ.

"ಯಾವ್ದು?"

"ಎಡರ್ರು. ಸೈಲೆನ್ಸರ್ರೂ ಆಕು."

ಲೋಕೇಶ ಹನುಮೇಶನ ಮುಖ ನೋಡಿದ. ಹನುಮೇಶ ಲೋಕೇಶನ ಮುಖ ನೋಡಿದ. "ಅಪ್ಪ, ಇವ್ನು ಈಗ ತಾನೇ ಬೇಡ ಅಂದ. ಕೇಳಿಸ್ಕೊಂಡ್ಯಾ?"

"ಬ್ರಾಕೆಟ್ ಕೊಡು. ದಪ್ಪ ಪೈಪಲ್ಲಿ ಮಾಡು. ದುಡ್ಡು ನಾನ್ ಕೊಡ್ತೀನಿ."

"ಪೊಲೀಸು?" ಎಂದು ಲೋಕೇಶ ಗದ್ದಲದ ಮೇಲೆ ಕೂಗಿದ.

"ಲಾರಿ ಸದ್ದು ಮಾಡ್ದೆ ವೀಣೆ ನುಡಿಸ್ತದಾ? ಬಾರ್ಲಾ."

ಜನವರಿ ಮೊದಲ ವಾರ ಹೆಡರ್ ಕೂತಿತು. ಹೊಗೆ ನಿಂತಿತು. ಲೋಕೇಶನ ತಲೆನೋವೂ ಹೋಯಿತು. ಮನೆಯಲ್ಲಿ ಮೊದಲ ನಾಲ್ಕು ದಿನ ಆ ಪೈಪಿಗೆ ಒಳ್ಳೆಯ ಹೆಸರೇ ಇತ್ತು. ಕೃಷ್ಣಪ್ಪ ಬೆಳಿಗ್ಗೆ ಆರಕ್ಕೇ ಸ್ವೆಟರ್ ತೊಟ್ಟು ಅಂಗಳದಲ್ಲಿ ಸಿದ್ಧ. ಲಾರಿ ಹತ್ತಿಕೊಂಡರೆ ಕಣ್ಣು ಮುಚ್ಚಿ ಬೆರಳಾಡಿಸುತ್ತಿದ್ದ. ಒಂಬತ್ತನೇ ದಿನ, "ಒಂದ್ ಏಟು ಮೆತ್ಗೆ ಬೀಳ್ತಾ ಅದೆ. ಇಂಜೆಕ್ಟರ್ ನೋಡ್ಸು" ಎಂದ. ಶ್ಯಾಮಣ್ಣ ಬಿಚ್ಚಿ ನೋಡಿದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರುಗಳಲ್ಲಿ ಒಂದು ನಿಜವಾಗಿಯೂ ತೊಟ್ಟಿಕ್ಕುತ್ತಿತ್ತು.

"ಅಣ್ಣನ ಕಿವಿ ಅಂದ್ರೆ ಕಿವಿ!" ಎಂದು ಶ್ಯಾಮಣ್ಣ ಬೀದಿಗೆಲ್ಲ ಹೇಳಿದ. ಆ ರಾತ್ರಿ ಕೃಷ್ಣಪ್ಪ ಎರಡನೇ ಮುದ್ದೆ ಹಾಕಿಸಿಕೊಂಡ.

ಮಹಡಿಯ ಮೇಲೆ ಬಾಡಿಗೆಗಿದ್ದ ಪಂಚಾಕ್ಷರಿ ಹಾವೇರಿ ಕಡೆಯವನು. ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಹನ್ನೆರಡಕ್ಕೆ ಮಲಗುತ್ತಿದ್ದ. ಹೆಂಡತಿ ಸೌಮ್ಯಾ, ಮೂರು ತಿಂಗಳ ಕೂಸು. ಅವನು ಒಂದು ಮಧ್ಯಾಹ್ನ ಕೆಳಗಿಳಿದು, ಗೇಟಿಗೆ ಎಣ್ಣೆ ಬಿಡುತ್ತಿದ್ದ ಕೃಷ್ಣಪ್ಪನ ಹಿಂದೆ ನಿಂತು ಮೆಲ್ಲಗೆ ಮಾತಾಡಿದ.

"ಯಜಮಾನ್ರ, ತಪ್ಪ ತಿಳೀಬ್ಯಾಡ್ರಿ. ಮುಂಜಾನೆ ಗಾಡಿ ಚಾಲೂ ಆತಂದ್ರ ಕೂಸು ಬೆಚ್ಚಿ ಬೀಳತೈತ್ರಿ. ತಾಸ್ಗಟ್ಲೆ ಅಳತೈತಿ. ಏನರ ಮಾಡ್ಲಿಕ್ಕೆ ಆಗತೈತೇನ್ರಿ?"

ಕೃಷ್ಣಪ್ಪ ತಿರುಗುವಷ್ಟರಲ್ಲಿ ಮಾತು ಮುಗಿದಿತ್ತು. ಬಾಡಿಗೆದಾರರು ಕೇಳುವುದು ನೀರಿನ ಟ್ಯಾಂಕಿನ ವಿಚಾರ ಎಂದುಕೊಂಡು, "ನೋಡಾನ" ಎಂದ. ಸಂಜೆ ಟ್ಯಾಂಕ್ ತೊಳೆಸಿದ. ಪಂಚಾಕ್ಷರಿಗೆ ತಲೆಬುಡ ತಿಳಿಯಲಿಲ್ಲ.

ಎರಡು ವಾರ ಕಾದು ಸೌಮ್ಯಾ ಪಿಳ್ಳಮ್ಮನ ಬಳಿ ಬಂದಳು. ಕಂಕುಳಲ್ಲಿ ಕೂಸು. "ಅಮ್ಮಾರ, ಮುಂದಿನ ತಿಂಗಳು ನಾವು ಮನಿ ಬಿಡ್ತೇವ್ರಿ. ಇವ್ರು ಹೇಳಿದ್ದಕ್ಕ ಯಜಮಾನ್ರು ನೋಡೋಣ ಅಂದ್ರಂತ. ಏನೂ ನೋಡ್ಲಿಲ್ರಿ."

ಪಿಳ್ಳಮ್ಮ ಕೂಸನ್ನು ಎತ್ತಿಕೊಂಡು ಒಳಗೆ ಬಂದಳು. ಅದಕ್ಕೆ ಎಣ್ಣೆನೀರು ಹಾಕಿ ಬೆಳೆಸಿದವಳು ಅವಳೇ. "ಯೋನ್ರೀ, ಮನೆ ಬಿಡ್ತಾರಂತೆ! ಕೂಸ್ಗೆ ನಿದ್ದೆ ಇಲ್ವಂತೆ ನಿಮ್ ಲಾರಿ ದೆಸೆಯಿಂದ!"

ಅವಳು ಕೂಗಿದ್ದರಿಂದ ಇದು ಕೇಳಿಸಿತು. "ಲಾರಿ ಸದ್ದಿಗೆ ಅಳೋ ಕೂಸು ಮಾಕಳೀಲಿ ಎಂಗ್ ಬಾಳ್ತದೆ? ಪಕ್ದಲ್ಲೇ ಐವೇ ಅದೆ," ಎಂದ. ಆದರೆ ಕೂಸಿನ ಕಡೆ ನೋಡಲಿಲ್ಲ.

ಅದೇ ವಾರ ಜಿಗಣಿಯ ಗೇಟಿನಲ್ಲಿ ಸುರಕ್ಷತಾ ಅಧಿಕಾರಿ ಲಾರಿ ಸುತ್ತ ಒಂದು ಪ್ರದಕ್ಷಿಣೆ ಬಂದು, ಈ ಸೈಲೆನ್ಸರಿನಲ್ಲಿ ಇನ್ನೊಮ್ಮೆ ಬಂದರೆ ಒಳಗೆ ಬಿಡುವುದಿಲ್ಲವೆಂದು ಬರೆದು ಕೊಟ್ಟ. ಲೋಕೇಶ ಚೀಟಿಯನ್ನು ಊಟದ ಹೊತ್ತಿಗೆ ತಂದು ಅಪ್ಪನ ಮುಂದಿಟ್ಟ.

"ನೋಡು! ನಿನ್ನ ಹೆಡರಿಗೆ ಸರ್ಟಿಫಿಕೇಟು!"

ಈಚೆಗೆ ಲೋಕೇಶ ಮನೆಯಲ್ಲಿ ಜೋರಾಗಿಯೇ ಮಾತಾಡುತ್ತಿದ್ದ. ದಿನಕ್ಕೆ ಎಂಟು ಗಂಟೆ ಆ ಸದ್ದಿನ ಮೇಲೆ ಕೂತು ಬಂದವನಿಗೆ ದನಿ ತಗ್ಗಿಸುವುದು ಮರೆತಿತ್ತು. ಕೃಷ್ಣಪ್ಪನಿಗೆ ಅದು ಹಿತವಾಗಿತ್ತು. ಒಂದೂವರೆ ವರ್ಷದ ಮೇಲೆ ಊಟದ ಮನೆಯ ಮಾತು ಅವನಿಗೆ ಪೂರ್ತಿ ಸಿಗುತ್ತಿತ್ತು. ಮಗ ಬೈದರೂ ಪದಪದ ಕೇಳುತ್ತಿತ್ತು. ಹಾಗಾಗಿ ಸರಿಯಾದ ಉತ್ತರವನ್ನೂ ಕೊಡುತ್ತಿದ್ದ.

"ಗೇಟ್ನೋನು ಪೇಪರ್ ಕೊಟ್ಟ ಅಂತ ಎದ್ರಿ ಬಂದಾ? ನಾನು ಸುಂಕದ ಕಟ್ಟೇಲಿ ಇಂಥಾವ್ನ ಇಪ್ಪತ್ ಜನ ನೋಡಿವ್ನಿ."

"ಸುಂಕದ ಕಟ್ಟೆ ಮುಚ್ಚಿ ಎಷ್ಟ್ ಕಾಲ ಆಯ್ತಪ್ಪ! ಅಮ್ಮಾ, ಸಾರು!"

"ಯಾಕ್ಲಾ ಬಡ್ಕತೀಯ? ಪಕ್ದಲ್ಲೇ ಕುಂತಿವ್ನಿ," ಎಂದಳು ಪಿಳ್ಳಮ್ಮ.

"ನಾನೆಲ್ಲಿ ಬಡ್ಕೊಂಡೆ?"

ವನಜಾ ಚೊಂಬು ಹಿಡಿದು ಗಂಡನ ಎಡಕ್ಕೆ ಬಂದು ನಿಂತು ಏನೋ ಕೇಳಿದಳು. ಲೋಕೇಶ ತಿರುಗಲಿಲ್ಲ. ಅವಳು ಇನ್ನೊಮ್ಮೆ ಕೇಳಿದಳು. ಲೋಕೇಶ ಸಾರಿನಲ್ಲಿ ತುತ್ತು ಅದ್ದುತ್ತ, ತಲೆ ಎತ್ತದೆ, "ಹೂಂ, ನೋಡೋಣ" ಎಂದ.

ಬಿಂದುಶ್ರೀ ಬಿದ್ದು ಬಿದ್ದು ನಕ್ಕಳು. "ಅಮ್ಮ ನೀರು ಬೇಕಾ ಅಂದ್ರೆ ನೋಡೋಣ ಅಂತೆ! ತಾತ, ಅಪ್ಪ ಥೇಟ್ ನಿನ್ ಥರ ಆಗ್ಬಿಟ್ಟ!"

ವನಜಾ ಕೇಳಿದ್ದು ಕೃಷ್ಣಪ್ಪನಿಗೆ ಕೇಳಿಸಿರಲಿಲ್ಲ. ಅವಳ ಕೈಯಲ್ಲಿದ್ದ ಚೊಂಬು ಕಂಡಿತ್ತು, ಮಗನ ಉತ್ತರ ಸ್ಪಷ್ಟವಾಗಿ ಕೇಳಿಸಿತ್ತು. ಅವನು ಕೈಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ.

"ಲೋಕ, ಕಿವೀಲಿ ಗುಂಯ್ ಅಂತದಾ?"

"ಆಂ?"

"ಕಿವೀಲಿ! ಸಂಜೆ ಒತ್ತು ಗುಂಯ್ ಅಂತದಾ ಅಂದೆ!"

"ಸ್ವಲ್ಪ. ಇಳಿದ್ಮೇಲೆ ಎರಡು ಗಂಟೆ ಇರ್ತದೆ. ಬೆಳಿಗ್ಗೆ ಸರಿ ಹೋಗುತ್ತೆ. ಯಾಕೆ?"

"ನಾಳೆ ಅದ್ನ ಬಿಚ್ಚಾಕ್ಸು."

ಲೋಕೇಶ ಚೀಟಿಯನ್ನು ಎತ್ತಿ ತೋರಿಸಿದ. "ಇಪ್ಪತ್ ಜನ ನೋಡಿವ್ನಿ ಅಂದೆ ಈಗ ತಾನೆ. ಒಂದ್ ನಿಮಿಷದಲ್ಲಿ ಏನಾಯ್ತು?"

"ನಂಗೂ ಮೊದ್ಲು ಅಂಗೇ ಇತ್ತು. ಬೆಳಿಗ್ಗೆ ಸರಿ ಓಯ್ತಿತ್ತು. ಆಮೇಲೆ ಓಗ್ಲಿಲ್ಲ." ಕೃಷ್ಣಪ್ಪ ತಟ್ಟೆಯನ್ನೇ ನೋಡುತ್ತ ಹೇಳಿದ. "ನಂಗೆ ಕಿವಿ ಕೇಳ್ಸಲ್ಲ ಕಣ್ಲಾ. ಒಂದೂವರೆ ವರ್ಷಾತು. ಎಡಗಡೇದು ಪೂರಾ ಇಲ್ಲ. ಆ ಟಿಕ್ ಟಿಕ್ ನಂಗ್ ಕೇಳಿಸ್ಲೇ ಇಲ್ಲ. ಜೀಪಿನ್ ಸದ್ದು ಕೇಳುಸ್ತು. ಅದ್ಕೆ ಅದ್ನ ಆಕ್ಸಿದೆ."

ಬಿಂದುಶ್ರೀಯ ನಗು ನಿಂತಿತ್ತು. ಮೊದಲು ಮಾತಾಡಿದ್ದು ಪಿಳ್ಳಮ್ಮ.

"ಅಂಗಾದ್ರೆ ಕ್ವಾಪ ಇರ್ಲಿಲ್ವಾ?"

"ಯಾವ ಕ್ವಾಪ?"

"ತಂಗಿ ಮಗಳ್ ಮದ್ವೇಲಿ ನಾನ್ ಆಡಿದ್ ಮಾತ್ಗೆ ನನ್ ಮೇಲೆ ಕ್ವಾಪ ಮಾಡ್ಕಂಡು ಮಾತ್ ಬಿಟ್ಟವ್ರೆ ಅಂತ... ವರ್ಸದಿಂದ ದೇವ್ರಿಗ್ ದೀಪ ಅಚ್ತಿವ್ನಿ ನಾನು!"

ಲೋಕೇಶನಿಗೆ ನಗು ಬರಲಿಲ್ಲ. ಎದ್ದು ನಿಂತ. "ಒಂದ್ ತಿಂಗಳು ಹೊಗೆ ಕುಡಿದೆ ನಾನು. ದಿನಾ ಬೆಳಿಗ್ಗೆ ನಿನ್ನ ಕರೆದು ಕೇಳಿಸ್ತಾ ಅಂತ ಕೇಳಿದೆ. 'ನಂಗೆ ಕೇಳಿಸಲ್ಲ' ಅಂತ ಒಂದು ಮಾತು ಅಂದಿದ್ರೆ ಅವತ್ತೇ ಶ್ಯಾಮಣ್ಣನ ಹತ್ರ ಹೋಗ್ತಿದ್ದೆ. ಎಲ್ಲರ ಮಾತು ಬಿಟ್ಟು ನಿನ್ನ ಮಾತು ನಂಬ್ದೆನಲ್ಲಪ್ಪ."

ಕೃಷ್ಣಪ್ಪ ತಲೆಯೆತ್ತಿ ಇಷ್ಟೇ ಅಂದ: "ಪೂರ್ತಿ ಕೇಳುಸ್ತು. ನೀನಂದಿದ್ದೆಲ್ಲ."

ಲೋಕೇಶ ಕೈ ತೊಳೆದು ಹೊರಗೆ ಹೋದ. ಮೂರು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಆ ಮೂರು ದಿನ ಲಾರಿಯೂ ಅಂಗಳದಿಂದ ಕದಲಲಿಲ್ಲ. ಜಿಗಣಿಯ ಲೋಡನ್ನು ಬೇರೆ ಗಾಡಿಯವರಿಗೆ ಬಿಟ್ಟುಕೊಟ್ಟರು.

ವನಜಾ ಒಂದು ದಿನ ರಜೆ ಹಾಕಿ ಇಬ್ಬರನ್ನೂ ಕಿವಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಲೋಕೇಶನದು ಸುಸ್ತಾದ ಕಿವಿ, ಸದ್ದಿನಿಂದ ದೂರವಿದ್ದರೆ ಕೆಲವು ವಾರದಲ್ಲಿ ಸುಧಾರಿಸುತ್ತದೆ, ಮತ್ತೆ ಮತ್ತೆ ಆದರೆ ಸುಧಾರಿಸುವುದಿಲ್ಲ ಎಂದರು ಡಾಕ್ಟರು. ಕೃಷ್ಣಪ್ಪನಿಗೆ ದಪ್ಪ ಸದ್ದು ಉಳಿದಿದೆ, ಸಣ್ಣ ಸದ್ದು ಹೋಗಿದೆ, ಅದು ವಾಪಸು ಬರುವುದಿಲ್ಲ, ಮಷೀನು ಹಾಕಿಕೊಂಡರೆ ಮಾತಿಗೆ ಅನುಕೂಲ ಎಂದರು. ಬರುವಾಗ ಬಸ್ಸಿನಲ್ಲಿ ಅಪ್ಪ ಮಗ ಒಂದೇ ಸೀಟಿನಲ್ಲಿ ಕೂತರು. ಲೋಕೇಶ ತಾನಾಗಿ ಅಪ್ಪನ ಬಲಕ್ಕೆ ಬಂದು ಕೂತದ್ದನ್ನು ವನಜಾ ಗಮನಿಸಿದಳು.

ಶನಿವಾರ ಫೌಂಡ್ರಿಯಿಂದ ಎರಡು ಎರಕದ ಮ್ಯಾನಿಫೋಲ್ಡ್ ಬಂದವು, ಒಂದನ್ನು ಆರಿಸಿಕೊಂಡು ಇನ್ನೊಂದನ್ನು ವಾಪಸು ಕೊಡುವ ಮಾತಿನ ಮೇಲೆ. ವನಜಾ ಕಾರ್ಖಾನೆಯಲ್ಲಿ ಹೇಳಿ ತಂದಿದ್ದ ಉಕ್ಕಿನ ನೇರಪಟ್ಟಿಯನ್ನು ಒಂದರ ಮೈಮೇಲಿಟ್ಟು, ಕೆಳಗೆ ತೆಳು ಬಿಲ್ಲೆ ತೂರಿಸಿ ನೋಡಿದಳು.

"ಇದು ಬೇಡ. ನಡುವೆ ಮೂವತ್ತು ಪಾಯಿಂಟ್, ಅಂದ್ರೆ ಕಾಲು ಮಿಲಿಮೀಟರಿಗಿಂತ ಜಾಸ್ತಿ ಹಳ್ಳ ಇದೆ, ಗ್ಯಾಸ್ಕೆಟ್ ತಡೆಯಲ್ಲ." ಎರಡನೆಯದರ ಕೆಳಗೆ ಅತಿ ತೆಳುವಾದ ಬಿಲ್ಲೆಯೂ ನುಸುಳಲಿಲ್ಲ. "ಇದು ಸರಿಯಾಗಿದೆ. ಮಾವ, ನೀವೂ ಕೈಯಾಡಿಸಿ ನೋಡಿ."

ಅವಳು ಅವನ ಬಲಕ್ಕೆ ಬಂದು, ಮುಖ ಕಾಣುವಂತೆ ನಿಂತು ಕೇಳಿದಳು. ಕೃಷ್ಣಪ್ಪ ಹೆಬ್ಬೆರಳನ್ನು ನಾಲ್ಕು ಬಾಯಿಯ ಅಂಚಿನ ಮೇಲೆ ಎಳೆದ. "ಇದೇ ಇರ್ಲಿ."

ಹೆಡರನ್ನು ಬಿಚ್ಚುವಾಗ ಶ್ಯಾಮಣ್ಣ ಬೆರಳು ತೋರಿಸಿದ. ಟರ್ಬೋ ಕೂರುವ ಜಾಗದ ಬೆಸುಗೆಯಲ್ಲಿ ಕೂದಲೆಳೆಯ ಗೆರೆ ಮೂಡಿತ್ತು. ನಾಲ್ಕು ವಾರವೂ ಆಗಿರಲಿಲ್ಲ. ಹನುಮೇಶ ಹೇಳಿದ್ದನ್ನು ಯಾರೂ ನೆನಪಿಸಲಿಲ್ಲ. ಕೃಷ್ಣಪ್ಪನೇ, "ಅವ್ನು ಯೋಳಿದ್ದ" ಎಂದ.

ಹೊಸದನ್ನು ಅವನೇ ಎದುರು ನಿಂತು ಹಾಕಿಸಿದ. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಒಂದೊಂದು ಸುತ್ತು ಮಾತ್ರ, ಮೂರು ಸರದಿಯಲ್ಲಿ ಬಿಗಿಸಬೇಕು. ಇಂಜಿನ್ ಕಾಯಿಸಿ, ರಾತ್ರಿಯೆಲ್ಲ ಆರಲು ಬಿಟ್ಟು, ಬೆಳಿಗ್ಗೆ ಮತ್ತೆ ಬಿಗಿಸಬೇಕು. "ಈ ಕೊನೇದ್ನ ಯಾವನೂ ಮಾಡಲ್ಲ. ಆಮೇಲೆ ಲೀಕ್ ಅಂತ ಅಳ್ತಾರೆ," ಎಂದು ಸ್ಪ್ಯಾನರನ್ನು ಮಗನ ಕೈಗೆ ಕೊಟ್ಟ. ಹಳೆಯ ಸೈಲೆನ್ಸರ್ ಕೋಳಿಗೂಡಿನ ಹಿಂದಿನಿಂದ ವಾಪಸು ಬಂತು.

ಭಾನುವಾರ ಬೆಳಿಗ್ಗೆ ಆರೂಕಾಲು. ಕ್ಯಾಬಿನ್ ಎತ್ತಿತ್ತು. ಕೃಷ್ಣಪ್ಪ ಅಡುಗೆಮನೆಯಿಂದ ಒಂದು ಲೋಟ ಹಿಡಿದು ಬಂದ. ಅದರಲ್ಲಿ ಬಟ್ಟೆ ಸೋಪಿನ ನೀರು, ಹಳೆಯ ಹಲ್ಲುಜ್ಜುವ ಬ್ರಷ್ಷು.

ಶ್ಯಾಮಣ್ಣ ಬಾಯಿ ತೆರೆದು ಏನೋ ಹೇಳಹೊರಟವನು ಸುಮ್ಮನಾದ.

"ಅನ್ನಯ್ಯ, ಅನ್ನು," ಎಂದ ಕೃಷ್ಣಪ್ಪ. "ಕಿವಿ ಇಲ್ದೋರು ಸೋಪು ಅಚ್ತಾರೆ. ನಾನೇ ಅಂದಿದ್ದು."

ಲೋಕೇಶ ಎತ್ತಿದ ಕ್ಯಾಬಿನ್ನಿನೊಳಗೆ ಕೈ ಚಾಚಿ ಕೀ ತಿರುಗಿಸಿ, ಬಂದು ಅಪ್ಪನ ಬಲಕ್ಕೆ ನಿಂತ. ಕೃಷ್ಣಪ್ಪ ಒಂದನೇ ಬಾಯಿಂದ ನಾಲ್ಕನೇ ಬಾಯಿಯವರೆಗೆ ನೊರೆ ಸವರುತ್ತ ಹೋದ. ಮೂರನೆಯದರ ಬಳಿ ಕೈ ತಡೆದು, ಬಗ್ಗಿ, ಕಣ್ಣು ಬಿಟ್ಟುಕೊಂಡೇ ನೋಡಿದ. ನೊರೆ ಎಲ್ಲೂ ಉಬ್ಬಲಿಲ್ಲ. ನಿಧಾನವಾಗಿ ಕಾದು, ಒಣಗಿ, ಬಿಳಿ ಕಲೆಯಾಯಿತು. ಆದರೂ ಅವನು ಅಲ್ಲೇ ನಿಂತಿದ್ದ.

"ಲೋಕ, ನೀನ್ ಬಗ್ಗು. ಏನಾದ್ರೂ ಕೇಳುಸ್ತದಾ ಯೋಳು."

ಲೋಕೇಶ ಬಗ್ಗಿದ. ತಲೆ ವಾಲಿಸಿ ಕಣ್ಣು ಮುಚ್ಚಿದ. ಶ್ಯಾಮಣ್ಣ ಅಪ್ಪನನ್ನೂ ಮಗನನ್ನೂ ಒಮ್ಮೆ ನೋಡಿ ಮುಗುಳುನಕ್ಕ.

"ಇಲ್ಲಪ್ಪ. ಇಂಜಿನ್ ಬಿಟ್ರೆ ಏನೂ ಇಲ್ಲ."

"ಸರ್ಯಾಗ್ ಕೇಳು."

"ಇಲ್ಲ."

"ಅಂಗಾದ್ರೆ ಸರಿ. ನಾಳೆಯಿಂದ ಲೋಡ್ ಒಪ್ಕೋ."

ಮಹಡಿಯ ಮೇಲೆ ಸೌಮ್ಯಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಟ್ಟೆ ಹರವುತ್ತಿದ್ದಳು. ಕೂಸು ನಿದ್ದೆಯಲ್ಲಿತ್ತು. ಲೋಕೇಶ ಲಾರಿಯನ್ನು ಒಂದು ಸುತ್ತು ಹೊಡೆದು ಬರಲು ಗೇಟಿನಿಂದ ಆಚೆಗೆ ತೆಗೆದ. ಕೃಷ್ಣಪ್ಪನಿಗೆ ಅದು ತಿರುವು ದಾಟುವ ಮೊದಲೇ ಕೇಳಿಸದಾಯಿತು. ಲೋಟದಲ್ಲಿ ಉಳಿದ ಸೋಪಿನ ನೀರನ್ನು ಮೆಟ್ಟಿಲಿಗೆ ಚೆಲ್ಲಿ ಉಜ್ಜಿದ.

ಹಿಂದೆ ಪಿಳ್ಳಮ್ಮ ಬಾಗಿಲಲ್ಲಿ ನಿಂತು ಏನೋ ಹೇಳಿದಳು. ಅವನು ತಿರುಗಿ ಅವಳ ತುಟಿ ನೋಡಿದ. ಬಾಯಿಗೆ ಹಳೆಯ ಮಾತು ಬಂದೇಬಿಟ್ಟಿತ್ತು. ಅದನ್ನು ಅಲ್ಲೇ ನುಂಗಿ, ನಾಲ್ಕು ಹೆಜ್ಜೆ ಹತ್ತಿರ ಹೋಗಿ ಬಲಗಿವಿ ಕೊಟ್ಟ.

"ಏನಂದೆ? ಇನ್ನೊಂದ್ ಸಲ ಯೋಳು."

"ರೊಟ್ಟಿ ಆರ್ತದೆ, ಬನ್ನಿ ಅಂದೆ," ಎಂದಳು ಪಿಳ್ಳಮ್ಮ. "ಇದ್ ನಾಕ್ನೇ ಸಲ."